ಎರಡು ಗುಂಡಿಯ ತಿಜೋರಿ

ಪ್ರಾಗ್‌ನ ಸಾತೋಶಿಲ್ಯಾಬ್ಸ್ 2014ರಲ್ಲಿ ಹೊರತಂದ ಮೊದಲ ಟ್ರೆಜರ್ ಬಿಟ್‌ಕಾಯಿನ್ ಹಣದ ಕೀಲಿ ಕಾಯುವ ಸಾಧನ; ಅದಕ್ಕೆ ಇರುವುದು ಪುಟ್ಟ ಪರದೆ, ಎರಡು ಗುಂಡಿ. ಬ್ಯಾಟರಿಯೂ ಇಲ್ಲ. ಆದರೆ ಅದು ಪಿನ್ ಕೇಳುವ ಜಾಣತನ ನೋಡಬೇಕು! ಒಂಬತ್ತು ಅಂಕಿಗಳು ಪ್ರತಿ ಸಲವೂ ಜಾಗ ಬದಲಿಸಿಕೊಂಡು ಅದರ ಪರದೆಯ ಮೇಲಷ್ಟೇ ಮೂಡುತ್ತವೆ; ಅದನ್ನು ಜೋಡಿಸಿದ ಕಂಪ್ಯೂಟರಿನಲ್ಲಿ ಕಾಣುವುದು ಬರೀ ಖಾಲಿ ಚೌಕಗಳು. ನೀವು ಎಲ್ಲಿ ಒತ್ತಿದಿರಿ ಎಂದು ಕಳ್ಳ ತಂತ್ರಾಂಶ ಕದ್ದು ನೋಡಿದರೂ ಅಂಕಿ ದಕ್ಕುವುದಿಲ್ಲ. ತಪ್ಪು ಪಿನ್ ಒತ್ತಿದಷ್ಟೂ ಕಾಯುವ ಹೊತ್ತು ಇಮ್ಮಡಿಯಾಗುತ್ತದೆ.

ನಿಜವಾದ ಕೀಲಿ ಇರುವುದು 2048 ಪದಗಳ ಪಟ್ಟಿಯಿಂದ ಅದು ಆರಿಸಿಕೊಡುವ 24 ಪದಗಳಲ್ಲಿ. ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇರದಂತೆ ಪಟ್ಟಿ ಮಾಡಿದವರ ಮುತುವರ್ಜಿಗೆ ನಾನು ಸೋತಿದ್ದೇನೆ. ಸಾಧನ ಕಾಲುವೆಗೆ ಬಿದ್ದರೂ ಆ ಪದಗಳಿಂದ ಹಣ ಮರಳಿ ಸಿಗುತ್ತದೆ. ಗೊರೇಬಾಳದಂಥ ಹಳ್ಳಿಯ ಮನೆಗಳಲ್ಲಿ ಹೊಲದ ಕಾಗದಪತ್ರಗಳನ್ನು ಕಾಯ್ದಂತೆ ಆ ಪದಗಳನ್ನು ಬರೆದ ಚೀಟಿಯನ್ನೂ ಕಾಯಬೇಕು. ಪೆನ್ನಿನಲ್ಲೇ ಬರೆಯಿರಿ, ಫೋಟೊ ಬೇಡ, ವಾಟ್ಸಾಪ್ ಬೇಡವೇ ಬೇಡ. ಪದಗಳನ್ನು ಮೊದಲೇ ಬರೆದಿಟ್ಟ ಡಬ್ಬಿ ಬಂದರೆ ಅದು ಮೋಸ, ಬಳಸಲೇಬೇಡಿ.

ಹಣ ಕಳಿಸುವಾಗ ವಿಳಾಸವನ್ನು ಸಾಧನದ ಪರದೆಯಲ್ಲೇ ಓದಿ ಗುಂಡಿ ಒತ್ತಿ. ದೊಡ್ಡ ಮೊತ್ತ ಇಡುವ ಮೊದಲು ಒಮ್ಮೆ ಸಾಧನದಲ್ಲಿರುವುದನ್ನೆಲ್ಲ ಅಳಿಸಿ, ಚೀಟಿ ನೋಡಿ ಖಾತೆಯನ್ನು ಮತ್ತೆ ತೆರೆದು ನೋಡಿ.