ವಾಷರ್ ಇರುವಲ್ಲಿ ಟೇಪು ಸಲ್ಲದು

ಗೀಸರಿನ ಕೆಳಗೆ ಹನಿ ಕಂಡೊಡನೆ ಬಿಳಿಯ ಟೆಫ್ಲಾನ್ ಟೇಪಿಗೆ ಕೈಹಾಕುವ ಪದ್ಧತಿಯನ್ನು ಈ ಅಂಕಣ ಹಿಂದೆಯೂ ವಿರೋಧಿಸಿದೆ. ಮುಂಬಯಿಯ ವಿಲೆ ಪಾರ್ಲೆಯ ಹಳೆಯ ಸೊಸೈಟಿಗಳಲ್ಲೂ ಹೊಸ ಕಟ್ಟಡಗಳಲ್ಲೂ ಆ ಪದ್ಧತಿ ಇನ್ನೂ ನಡೆಯುತ್ತಿರುವುದರಿಂದ ಕಾರಣವನ್ನು ಮತ್ತೊಮ್ಮೆ ಬಿಡಿಸಿ ಹೇಳಬೇಕಾಗಿದೆ.

ಗೋಡೆಯಿಂದ ಗೀಸರಿನವರೆಗಿನ ಒಂದೂವರೆ ಅಡಿ ದಾರಿಯಲ್ಲಿ ಎರಡು ಜಾತಿಯ ಜೋಡಣೆಗಳಿವೆ. ನೀರು ನಿಲ್ಲಿಸುವ ಆಂಗಲ್ ಕಾಕು ಗೋಡೆಯೊಳಗಿನ ಎಲ್ಬೋಗೆ ಸೇರುವಲ್ಲಿ ನೀರನ್ನು ತಡೆಯಬೇಕಾದುದು ಥ್ರೆಡ್, ಅಂದರೆ ಕೊಳವೆಯ ತುದಿಯಲ್ಲಿ ಕೊರೆದ ಸುರುಳಿ ಗೆರೆ. ಅದರ ಸಂದು ತುಂಬಲು ಟೇಪು ಬೇಕೇ ಬೇಕು. ಕನೆಕ್ಷನ್ ಪೈಪಿನ ನಟ್ಟು ಗೀಸರಿನ ನಿಪ್ಪಲಿಗೆ ಸೇರುವಲ್ಲಾದರೋ ಥ್ರೆಡ್ಡಿನ ಕೆಲಸ ಬಿಗಿಹಿಡಿಯುವುದಷ್ಟೇ, ನೀರನ್ನು ತಡೆಯುವುದು ನಟ್ಟಿನೊಳಗಿನ ಚಪ್ಪಟೆ ರಬ್ಬರ್ ವಾಷರ್. ಅಲ್ಲಿ ಟೇಪು ಸುತ್ತಿದರೆ ನಟ್ಟು ವಾಷರನ್ನು ಸರಿಯಾಗಿ ಒತ್ತುವ ಮೊದಲೇ ಬಿಗಿಯಾದಂತೆ ತೋರುತ್ತದೆ, ಬಿಸಿಗೆ ಗಟ್ಟಿಯಾಗಿ ಬಿರಿದ ಹಳೆಯ ವಾಷರ್ ಒಳಗೇ ಉಳಿಯುತ್ತದೆ.

ಸೋರಿಕೆಯ ಮೂಲ ಹನಿ ಬೀಳುವ ಜಾಗದಲ್ಲಿಯೇ ಇರಬೇಕೆಂದಿಲ್ಲ. ಆದ್ದರಿಂದ ಗೀಸರಿನ ವಿದ್ಯುತ್ತಿನ ಎಂಸಿಬಿ ಇಳಿಸಿ, ಎಲ್ಲವನ್ನೂ ಒರೆಸಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ, ಮೊದಲು ನೆನೆಯುವುದು ಯಾವುದೆಂದು ಮೇಲಿನಿಂದ ಕೆಳಕ್ಕೆ ನೋಡಬೇಕು. ಸುರಕ್ಷಾ ವಾಲ್ವಿನ ಸಣ್ಣ ಮೂತಿಯಿಂದ ಕಾಯುವ ವೇಳೆಯಲ್ಲಷ್ಟೇ ಬೀಳುವ ಹನಿ ಸೋರಿಕೆಯಲ್ಲ: 15 ಲೀಟರ್ ನೀರು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರುವಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ, ನೀರು ಹಿಂದಿರುಗದಂತೆ ತಡೆಯುವ ವಾಲ್ವಿದ್ದಲ್ಲಿ ಹಿಗ್ಗಿದ್ದಕ್ಕೆ ಬೇರೆ ದಾರಿಯಿಲ್ಲ. ಆ ಮೂತಿಯನ್ನು ಮುಚ್ಚುವುದು ಅಪಾಯಕರ.

ಮರಾಠಿ ಮನೆಗಳಲ್ಲಿ ನೀರು ಕಾಯಿಸುವ ತಾಮ್ರದ ಬಂಬಿಗಾಗಲಿ ಕರಾವಳಿ ಕನ್ನಡಿಗರ ಬಚ್ಚಲ ಹಂಡೆಗಾಗಲಿ ಹೀಗೆ ಒಳಗೆ ಸಿಲುಕಿದ ನೀರಿನ ಒತ್ತಡದ ಚಿಂತೆಯಿರಲಿಲ್ಲ. ಗೀಸರಿನ ಮೇಲಾದರೋ ಮಾಳಿಗೆಯ ಟಾಂಕಿಯ ನೀರಿನ ಭಾರವೂ ಇದೆ: ಟಾಂಕಿಯಿಂದ ಪ್ರತಿ 10 ಮೀಟರ್ ಕೆಳಗಿಳಿದಂತೆ ನೀರಿನ ಒತ್ತಡ ಹತ್ತಿರ ಹತ್ತಿರ 1 ಬಾರ್ ಹೆಚ್ಚುತ್ತದೆ. ವಿಮಾನ ನಿಲ್ದಾಣದ ನೆರೆಯಿಂದಾಗಿ ಪಾರ್ಲೆಯಲ್ಲಿ ಎತ್ತರಕ್ಕೆ ಮಿತಿಯಿದ್ದರೂ, ನಾಲ್ಕು ಅಂತಸ್ತಿನ ಕಟ್ಟಡ ಕೆಡವಿ ಹತ್ತು ಅಂತಸ್ತು ಎಬ್ಬಿಸಿದಾಗ ಒತ್ತಡ ತಗ್ಗಿಸುವ ವಾಲ್ವ್ ಇಲ್ಲವಾದರೆ ಕೆಳಮನೆಯ ವಾಷರಿನ ಹೊರೆ ಇಮ್ಮಡಿ ಮೀರುತ್ತದೆ.

ಆದರೆ ಟೇಪಿಗಿಂತ ಥ್ರೆಡ್ಡಿನ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಅಳತೆಯಾಗಿದ್ದ ಕಾಲದಲ್ಲಿ ಜೋಸೆಫ್ ವಿಟ್‌ವರ್ತ್ ಹಲವು ಕಡೆಯ ಸ್ಕ್ರೂಗಳನ್ನು ಕೂಡಿಹಾಕಿ, ಹೋಲಿಸಿ, 1841ರಲ್ಲಿ 55 ಡಿಗ್ರಿ ಕೋನದ ಏಕರೂಪದ ಥ್ರೆಡ್ಡನ್ನು ಸೂಚಿಸಿದನು. ಪಾರ್ಲೆಯ ಬಚ್ಚಲುಮನೆಯ ನಿಪ್ಪಲಿನಲ್ಲಿ ಇಂದಿಗೂ ಇರುವುದು ಅದೇ ಕೋನ, ಇಂಚಿಗೆ 14 ಸುತ್ತು. ಇದನ್ನು ಅರ್ಧ ಇಂಚಿನದೆಂದು ಕರೆಯುವರಾದರೂ ಅದರ ಹೊರವ್ಯಾಸ 20.955 ಮಿಲಿಮೀಟರ್, ಅರ್ಧ ಇಂಚೆಂಬುದು ಹಳೆಯ ಕಬ್ಬಿಣದ ಕೊಳವೆಯ ಒಳರಂಧ್ರದ ಲೆಕ್ಕದಿಂದ ಉಳಿದು ಬಂದ ಹೆಸರು. ಆದಕಾರಣ ವಾಷರ್ ಕೊಳ್ಳುವವರು ಅಳತೆಪಟ್ಟಿಯನ್ನು ನಂಬದೆ, ಆಂಗಲ್ ಕಾಕು ಮುಚ್ಚಿ, ಕೆಳಗೆ ಬಕೆಟ್ ಇಟ್ಟು, ಹಳೆಯ ವಾಷರನ್ನು ಬಿಚ್ಚಿ ಹಾರ್ಡ್‌ವೇರ್ ಅಂಗಡಿಗೆ ಒಯ್ಯುವುದು ಲೇಸು; ಹೊಸದನ್ನು ಕೂರಿಸಿದ ಮೇಲೆ ನಟ್ಟನ್ನು ಕೈಯಿಂದ ಬಿಗಿಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು.