ಅರಿಶಿನದ ಸತ್ತ್ವವೂ ಅದರ ಸ್ತುತಿಯೂ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳ ಮುಖ್ಯವಾದ ಬೆಳೆಗಳಲ್ಲಿ ಅರಿಶಿನವೂ ಒಂದು. ನೆಟ್ಟ ಗೆಡ್ಡೆಯು ಎಂಟು ಒಂಬತ್ತು ತಿಂಗಳು ಭೂಮಿಯಲ್ಲಿದ್ದು, ಕಿತ್ತ ಬಳಿಕ ಬೆಂದು, ಬಿಸಿಲಿನಲ್ಲಿ ಒಣಗಿ, ಉಜ್ಜಿದ ಮೇಲೆ ಹೊಳಪೇರಿ ಮಾರುಕಟ್ಟೆಗೆ ಹೊರಡುತ್ತದೆ. ಅಡಿಗೆಗೂ ಮಂಗಳಕಾರ್ಯಕ್ಕೂ ಬೇಕಾದ ಈ ವಸ್ತುವು ಇತ್ತೀಚಿನ ದಶಕಗಳಲ್ಲಿ ಮತ್ತೊಂದು ರೂಪವನ್ನು ತಾಳಿದೆ. ಇದರ ಹಳದಿಯ ಸತ್ತ್ವವಾದ ಕರ್ಕ್ಯುಮಿನ್, ಗುಳಿಗೆಯಾಗಿ, ‘ಉತ್ಕರ್ಷಣ ನಿರೋಧಕ’ವೆಂಬ ಬಿರುದಿನೊಡನೆ, ಕೀಲುನೋವಿನಿಂದ ಅರ್ಬುದದವರೆಗೆ ನಾನಾ ವ್ಯಾಧಿಗಳಿಗೆ ಹಿತವೆಂದು ಮಾರಾಟವಾಗುತ್ತಿದೆ. ಈ ಸ್ತುತಿಯಲ್ಲಿ ನಿಜವೆಷ್ಟು, ಅತಿಶಯೋಕ್ತಿಯೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಶಬ್ದವನ್ನೇ ಪರೀಕ್ಷಿಸಬೇಕು. ಕಬ್ಬಿಣವು ತುಕ್ಕು ಹಿಡಿಯುವುದು, ಎಣ್ಣೆಯು ಕಮಟಾಗುವುದು ಉತ್ಕರ್ಷಣದಿಂದ; ಅದನ್ನು ತಡೆಯುವ ದ್ರವ್ಯವು ನಿರೋಧಕ. ಆದುದರಿಂದ ಈ ಶಬ್ದವು ರಾಸಾಯನಿಕ ಗುಣವೊಂದರ ಹೆಸರೇ ಹೊರತು ರೋಗಶಾಂತಿಯ ಹೆಸರಲ್ಲ. ಗಾಜಿನ ನಳಿಗೆಯಲ್ಲಿ ಕಂಡ ಗುಣವು ದೇಹದಲ್ಲಿಯೂ ಹಿತವನ್ನೇ ಮಾಡುವುದೆಂಬ ನಿಯಮವಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ ೨೯,೧೩೩ ಮಂದಿ ಪುರುಷರಲ್ಲಿ ನಡೆದ ಪರೀಕ್ಷೆಯ ಫಲವು ೧೯೯೪ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟೀನ್ ಎಂಬ ನಿರೋಧಕವನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ತಗ್ಗಲಿಲ್ಲ. ಶೇಕಡ ೧೮ರಷ್ಟು ಹೆಚ್ಚಾಗಿತ್ತು.

ಇನ್ನು ಕರ್ಕ್ಯುಮಿನ್ನಿನ ವಿಷಯ. ಇದರ ಪ್ರಶಂಸಕರು ಬಹಳವಾಗಿ ಉದಾಹರಿಸುವ ಲೇಖನವು ಕನ್ನಡನಾಡಿನದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ಅದನ್ನು ಪ್ರಕಟಿಸಿದರು. ೨ ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ಮನುಷ್ಯರ ರಕ್ತದಲ್ಲಿ ಅದು ಕಾಣದೆಯೋ ಅತ್ಯಲ್ಪವಾಗಿಯೋ ಇದ್ದಿತು. ಮೆಣಸಿನ ಸತ್ತ್ವವಾದ ಪೈಪರಿನ್ ೨೦ ಮಿಲಿಗ್ರಾಂ ಸೇರಿಸಿದಾಗ ಅದರ ಲಭ್ಯತೆಯು ಶೇಕಡ ೨೦೦೦ದಷ್ಟು ಏರಿತು. ಲೇಖನವು ಎರಡನ್ನೂ ಹೇಳಿದೆ. ಜಾಹೀರಾತುಗಳು ಎರಡನೆಯದನ್ನು ಮಾತ್ರ ಎತ್ತಿಕೊಂಡಿವೆ. ಒಂದು ಕಾಳು ಇಪ್ಪತ್ತಾದ ಮಾತ್ರಕ್ಕೆ ಕಣಜವು ತುಂಬದು.

ಹಾಗೆಂದು ಸತ್ತ್ವವು ನಿಷ್ಪ್ರಯೋಜಕವೆನ್ನುವುದೂ ನ್ಯಾಯವಲ್ಲ. ಮೊಣಕಾಲಿನ ಸಂಧಿವಾತದಲ್ಲಿ ಅರಿಶಿನದ ಸಾರವು ನೋವನ್ನು ತಗ್ಗಿಸುವುದೆಂದು ಕೆಲವು ಪರೀಕ್ಷೆಗಳು ಸೂಚಿಸಿವೆ. ಅವುಗಳಲ್ಲಿ ಬಹುಪಾಲು ಚಿಕ್ಕವು, ಅಲ್ಪಾವಧಿಯವು. ಆದರೆ ಕರ್ಕ್ಯುಮಿನ್ನಿನ ರಸಾಯನವನ್ನು ಸಮಗ್ರವಾಗಿ ಪರಿಶೀಲಿಸಿದ ೨೦೧೭ರ ಪ್ರಬಂಧವೊಂದು ಅದನ್ನು ಅಸ್ಥಿರವಾದುದೆಂದೂ ದೇಹಕ್ಕೆ ಸರಿಯಾಗಿ ದಕ್ಕದುದೆಂದೂ ನಿರ್ಣಯಿಸಿತು.

ಸಾವಿರಾರು ವರ್ಷಗಳ ಬಳಕೆಯೇ ನಿರಪಾಯತೆಗೆ ಸಾಕ್ಷಿಯೆಂಬ ವಾದವೂ ಉಂಟು. ಇಲ್ಲಿ ಅಳತೆಯನ್ನು ಮರೆಯಲಾಗಿದೆ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ೨ ಗ್ರಾಂ ಸತ್ತ್ವ ಬೇಕಾದರೆ ೬೫ ಗ್ರಾಮಿಗೂ ಮೇಲ್ಪಟ್ಟ ಪುಡಿ ಬೇಕು. ಸಾರಿಗೆ ಚಿಟಿಕೆ ಹಾಕುವ ಗೃಹಿಣಿಯ ಅನುಭವವು ಗುಳಿಗೆಗೆ ಹೇಗೆ ಸಾಕ್ಷಿಯಾದೀತು? ಅಮೆರಿಕದಲ್ಲಿ ೨೦೨೨ರಲ್ಲಿ ಪ್ರಕಟವಾದ ವರದಿಯೊಂದು ಅರಿಶಿನದ ಗುಳಿಗೆ ಮೊದಲಾದುವುಗಳಿಂದ ಯಕೃತ್ತು ಕೆಟ್ಟ ೧೦ ಮಂದಿಯನ್ನು ವಿವರಿಸಿದೆ. ಅವರಲ್ಲಿ ಐವರು ಆಸ್ಪತ್ರೆಯನ್ನು ಸೇರಿದರು, ಒಬ್ಬರು ಮೃತರಾದರು. ಇಂತಹ ಅಪಾಯವು ವಿರಳವೇ ಸರಿ. ಆದರೂ ಪೈಪರಿನ್ ಇತರ ಔಷಧಗಳನ್ನು ದೇಹವು ಕರಗಿಸುವ ಕ್ರಮವನ್ನೂ ತಡೆಯಬಲ್ಲುದಾದುದರಿಂದ, ನಿತ್ಯ ಮದ್ದು ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ನುಂಗುವುದು ಯುಕ್ತವಲ್ಲ.

ಬಣ್ಣ, ಪರಿಮಳ, ರುಚಿಗಳಿಂದ ಅರಿಶಿನವು ತನ್ನ ಸ್ಥಾನವನ್ನು ತಾನೇ ಗಳಿಸಿಕೊಂಡಿದೆ. ಗುಂಡ್ಲುಪೇಟೆಯ ಒಕ್ಕಲಿಗನ ಬೆಳೆಗೆ ಸಲ್ಲದ ಕೀರ್ತಿಯ ಅವಶ್ಯಕತೆಯಿಲ್ಲ. ಆ ಕೀರ್ತಿಯನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವ ರೋಗಿಯು ಕಳೆದುಕೊಳ್ಳುವುದಾದರೋ ಮರಳಿ ಬಾರದ ಕಾಲವನ್ನು.