ಗಾಜಿನ ತೊಟ್ಟಿಯಲ್ಲಿ ಹವಳ: ‘ಚೇಸಿಂಗ್ ಕೋರಲ್’ ಕೇಳದೆ ಬಿಟ್ಟ ಪ್ರಶ್ನೆ

ಜೀವವೊಂದನ್ನು ಪ್ರೀತಿಸುವುದು ಬೇರೆ, ಅದನ್ನು ತನ್ನದಾಗಿಸಿಕೊಳ್ಳುವುದು ಬೇರೆ. ಗೃಹಸ್ಥನ ಬಾಳಿನಲ್ಲಿ ಇವೆರಡೂ ಎಷ್ಟು ಬೆರೆತಿರುತ್ತವೆಯೆಂದರೆ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂಬುದು ಅವನಿಗೇ ತಿಳಿಯುವುದಿಲ್ಲ. ಪಂಜರದ ಗಿಳಿಗೆ ಹಣ್ಣು ತಿನ್ನಿಸುವವನು ತಾನು ದಯಾಳುವೆಂದೇ ಭಾವಿಸಿರುತ್ತಾನೆ. ಅವನ ದಯೆ ಸುಳ್ಳೆನ್ನುವಂತಿಲ್ಲ, ಪಂಜರವನ್ನೂ ಸುಳ್ಳೆನ್ನುವಂತಿಲ್ಲ. ಈ ಹಳೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ಮುಂದಿಡುವ ಸಾಕ್ಷ್ಯಚಿತ್ರವೊಂದು 2017ರಲ್ಲಿ ತೆರೆಕಂಡ ‘ಚೇಸಿಂಗ್ ಕೋರಲ್’. ಜೆಫ್ ಒರ್ಲೊವ್‌ಸ್ಕಿ ನಿರ್ದೇಶಿಸಿದ ಈ ಚಿತ್ರ ಅದೇ ವರ್ಷ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆಯಿತು. ಸಮುದ್ರ ಬಿಸಿಯಾಗಿ ಹವಳಗಳು ಸಾಯುತ್ತಿರುವುದನ್ನು ಅದು ಮನಮುಟ್ಟುವಂತೆ ತೋರಿಸಿತು. ಆದರೆ ತನ್ನ ಕಥೆಯ ಹೃದಯದಲ್ಲಿಯೇ ಇದ್ದ ಇನ್ನೊಂದು ಪ್ರಶ್ನೆಯನ್ನು ಮುಟ್ಟದೆ ಸಾಗಿತು. ಆ ಪ್ರಶ್ನೆ ಮನೆಯ ತೊಟ್ಟಿಯಲ್ಲಿ ಹವಳವನ್ನು ಸಾಕುವ ಹವ್ಯಾಸಕ್ಕೆ ಸಂಬಂಧಿಸಿದುದು.

ಚಿತ್ರದ ಯೋಜನೆಯನ್ನು ಆರಂಭಿಸಿದವರು ರಿಚರ್ಡ್ ವೆವರ್ಸ್. ಲಂಡನ್ನಿನಲ್ಲಿ ಜಾಹೀರಾತು ವೃತ್ತಿಯಲ್ಲಿದ್ದು, ಅದನ್ನು ಬಿಟ್ಟು ಸಮುದ್ರದ ಛಾಯಾಗ್ರಹಣಕ್ಕೆ ತೊಡಗಿದವರು ಇವರು. ನೀರಿನೊಳಗೆ ನಡೆಯುವ ನಾಶ ನೆಲದ ಮೇಲಿನವರಿಗೆ ಕಾಣದಿರುವುದೇ ದೊಡ್ಡ ತೊಡಕೆಂಬುದು ಅವರ ನಿಲುವು. ಆದುದರಿಂದ ಹವಳಗಳು ಬಿಳಿಚುವುದನ್ನು ದಿನದಿಂದ ದಿನಕ್ಕೆ ಒಂದೇ ಸ್ಥಳದಿಂದ ಚಿತ್ರಿಸಿ ಜಗತ್ತಿಗೆ ತೋರಿಸಬೇಕೆಂದು ತಂಡ ಹೊರಡುತ್ತದೆ. ನೀರಿನಡಿಯ ಕ್ಯಾಮೆರಾಗಳನ್ನು ಸಿದ್ಧಪಡಿಸಿದವರಲ್ಲಿ ಝ್ಯಾಕ್ ರೇಗೋ ಎಂಬ ಕೊಲೊರಾಡೊ ರಾಜ್ಯದ ಯುವಕನೊಬ್ಬನು. ಕೊಲೊರಾಡೊಗೆ ಸಮುದ್ರತೀರವೇ ಇಲ್ಲ. ಆ ಒಣನಾಡಿನಲ್ಲಿ ಈತನು ಹವಳಗಳನ್ನು ಬಲ್ಲವನಾದುದು ಗಾಜಿನ ತೊಟ್ಟಿಯಲ್ಲಿ ಅವನ್ನು ಸಾಕಿ. ನಡುಚಿತ್ರದಿಂದ ಮುಂದೆ ಪ್ರೇಕ್ಷಕನ ಮನಸ್ಸು ನೆಲೆಸುವುದು ಈತನಲ್ಲಿಯೇ. ಸ್ವಯಂಚಾಲಿತ ಕ್ಯಾಮೆರಾಗಳು ತೆಗೆದ ಚಿತ್ರಗಳು ಮಸುಕಾಗಿ ಕೈಕೊಟ್ಟ ಮೇಲೆ, ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಝರ್ಡ್ ದ್ವೀಪದಲ್ಲಿ ತಂಡದವರು ವಾರಗಟ್ಟಲೆ ಪ್ರತಿದಿನ ಮುಳುಗಿ, ಅವೇ ಹವಳಗಳನ್ನು ಕೈಯಿಂದಲೇ ಚಿತ್ರಿಸುತ್ತಾರೆ. ತಾನು ಹೆಸರು ಹಿಡಿದು ಗುರುತಿಸಬಲ್ಲ ಜೀವಗಳು ಬಿಳಿಚಿ, ಕೊಳೆತು, ಎಳೆಎಳೆಯಾಗಿ ಕಳಚಿ ಹೋಗುವುದನ್ನು ರೇಗೋ ಕಾಣುತ್ತಾನೆ.

ಈ ದುಃಖದ ಬೇರು ತೊಟ್ಟಿಯಲ್ಲಿದೆ. ಅದನ್ನು ಅರಿಯಲು ಹವಳವನ್ನು ಸಾಕುವುದೆಂದರೇನೆಂದು ತಿಳಿಯಬೇಕು. ನಮ್ಮ ಮನೆಗಳಲ್ಲಿ ಹವಳವೆಂದರೆ ನವರತ್ನಗಳಲ್ಲೊಂದು. ಆಭರಣದ ಆ ಕೆಂಪು ಹವಳವೂ, ದಿಬ್ಬ ಕಟ್ಟುವ ಹವಳವೂ ಬೇರೆ ಬೇರೆ ಜಾತಿಯವು. ಎರಡೂ ಪ್ರಾಣಿಗಳ ಅಸ್ಥಿಯೇ. ದಿಬ್ಬ ಕಟ್ಟುವ ಹವಳವು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಒಕ್ಕಲು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆ ಪಾಚಿ ಆಹಾರವನ್ನು ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಹೀಗೆ ದೊರೆಯಬಲ್ಲುದು. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿಯಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ ಈ ಒಡಂಬಡಿಕೆ ಮುರಿಯುತ್ತದೆ. ಹವಳವು ಪಾಚಿಯನ್ನು ಹೊರದೂಡಿ ಬಿಳಿಚಿಕೊಂಡು, ಹಸಿವಿನಿಂದ ಸಾಯತೊಡಗುತ್ತದೆ.

ಇಂತಹ ಸೂಕ್ಷ್ಮ ಜೀವವನ್ನು ಮನೆಯಲ್ಲಿ ಉಳಿಸುವುದು ಆಟವಲ್ಲ. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ನಿಲ್ಲಬೇಕು. ಉಪ್ಪಿನ ಪ್ರಮಾಣ ಸಾವಿರಕ್ಕೆ 35 ಭಾಗದಷ್ಟಿರಬೇಕು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಕಡಿಮೆಯಾದಷ್ಟು ಶುದ್ಧವಾದ ಸಿಹಿನೀರನ್ನು ದಿನವೂ ಸೇರಿಸಬೇಕು. ಅಸ್ಥಿ ಬೆಳೆಯಲು ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹವಳ ಅದನ್ನು ಹೀರಿದಂತೆಲ್ಲ ತುಂಬುತ್ತಿರಬೇಕು. ಬಿಸಿಲಿಗೆ ಸಮನಾದ ದೀಪ, ಅಲೆಗೆ ಸಮನಾದ ಪಂಪು, ನೊರೆಯೆಬ್ಬಿಸಿ ಕಲ್ಮಶ ತೆಗೆಯುವ ಯಂತ್ರ, ಇವೆಲ್ಲ ಹಗಲಿರುಳು ನಡೆಯಬೇಕು. ಅಕ್ರೊಪೊರದಂತಹ ಕವಲುಹವಳಗಳು ನೀರಿನ ಕ್ಷಾರಗುಣ ಹಠಾತ್ತಾಗಿ ಏರಿಳಿದರೂ ಮೈಯ ಅಂಗಾಂಶವನ್ನು ಕಳಚಿಕೊಂಡು ಸಾಯುತ್ತವೆ. 1961ರಲ್ಲಿ ಇಂಡೋನೇಷ್ಯದ ಲೀ ಚಿನ್ ಎಂಗ್ ಸಮುದ್ರದ ಜೀವಂತ ಶಿಲೆಯನ್ನೂ ಗಾಳಿಗುಳ್ಳೆಗಳನ್ನೂ ನೆಚ್ಚಿದ ತಮ್ಮ ಸರಳ ಪದ್ಧತಿಯನ್ನು ಪ್ರಕಟಿಸಿದರು. ಮುಂದೆ ಜರ್ಮನಿಯ ಹವ್ಯಾಸಿಗಳು ಅದೇ ದಾರಿಯನ್ನು ಬೆಳೆಸಿದರು. ಇಂದಿನ ವಿದ್ಯೆಯೆಲ್ಲ ಇಂತಹವರ ದಶಕಗಳ ತಾಳ್ಮೆಯಿಂದ ಬಂದುದು.

ಇಂತಹ ಸಾಕಣೆ ಮನುಷ್ಯನಿಗೆ ಒಂದು ಶಿಸ್ತನ್ನು ಕಲಿಸುತ್ತದೆಂಬುದನ್ನು ಒಪ್ಪಬೇಕು. ತೊಟ್ಟಿಯೊಡೆಯನಿಗೆ ಒಂದು ಡಿಗ್ರಿಯೆಂದರೆ ಬರಿಯ ಅಂಕಿಯಾಗಿ ಉಳಿದಿರುವುದಿಲ್ಲ. ಅದು ಸಾವು ಬದುಕಿನ ನಡುವಣ ಅಂತರವೆಂದು ಅವನು ಕಣ್ಣಾರೆ ಕಂಡಿರುತ್ತಾನೆ. ಸಮುದ್ರವೆಂಬುದು ಉಷ್ಣತೆಯನ್ನು ತಗ್ಗಿಸುವ ಗುಂಡಿಯಿಲ್ಲದ ತೊಟ್ಟಿಯೆಂಬ ಅರಿವು ರೇಗೋನ ಮುಖದಲ್ಲಿ ಬರೆದಂತಿದೆ. ವಿಜ್ಞಾನಿಗಳ ಮಾತಿಗಿಂತ ಆ ಮುಖವೇ ಪ್ರೇಕ್ಷಕನಿಗೆ ಹೆಚ್ಚನ್ನು ತಿಳಿಸುತ್ತದೆ. ತನ್ನದಾದುದನ್ನು ಪ್ರೀತಿಸಿದವನು ತನ್ನದಲ್ಲದುದಕ್ಕಾಗಿ ಅಳುವಂತಾದುದು ಈ ಚಿತ್ರದ ನಿಜವಾದ ಸಾಧನೆ. 2016ರ ಜೂನ್ ತಿಂಗಳಲ್ಲಿ ಹೊನೊಲುಲುವಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆ ಚಿತ್ರಗಳನ್ನು ಕಂಡು, ವಿಷಯವನ್ನೆಲ್ಲ ಮೊದಲೇ ಬಲ್ಲ ತಜ್ಞರೂ ಕಣ್ಣೀರು ಒರೆಸಿಕೊಳ್ಳುವ ದೃಶ್ಯವು ಅದಕ್ಕೆ ಸಾಕ್ಷಿ.

ಕೊರತೆಯಿರುವುದೂ ಇಲ್ಲಿಯೇ. ಚಿತ್ರವು ತೊಟ್ಟಿಯನ್ನು ನಾಯಕನ ಮುಗ್ಧ ಅನುರಾಗದ ಗುರುತಾಗಿ ತೋರಿಸಿ ಮುಂದೆ ಸಾಗುತ್ತದೆ. ಹವ್ಯಾಸಿಗಳ ತೊಟ್ಟಿಗಳಲ್ಲಿರುವ ಹವಳಗಳು ಎಲ್ಲಿಂದ ಬಂದವು? ಬರುವ ದಾರಿಯಲ್ಲಿ ಎಷ್ಟು ಸತ್ತವು? ಸಮುದ್ರವಿಲ್ಲದ ನಾಡಿನಲ್ಲಿ ಸಮುದ್ರವನ್ನು ಹಗಲಿರುಳು ನಡೆಸುವ ವಿದ್ಯುತ್ತು ಎಲ್ಲಿಯದು? ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ, ತೊಟ್ಟಿಯ ಹವಳವನ್ನು ತಂಪಾಗಿಡುವ ಉಪಾಯವೇ ಕಡಲಿನ ಹವಳವನ್ನು ಬೇಯಿಸುವುದರಲ್ಲಿ ಪಾಲುಗೊಂಡಂತಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಜಮೆಯ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟರೆ ಅದು ಲೆಕ್ಕವಾಗದು. ಭೂತಾಪದ ಹೊಣೆಯನ್ನು ಮನುಕುಲದ ಮೇಲೆ ಹೊರಿಸುವ ಚಿತ್ರವು, ತನ್ನ ಚೌಕಟ್ಟಿನೊಳಗಿರುವ ಈ ಚಿಕ್ಕ ಲೆಕ್ಕವನ್ನು ತೆರೆದಿದ್ದರೆ ಅದರ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಹವಳದ ವ್ಯಾಪಾರಕ್ಕೆ ನಿಯಮಗಳಿಲ್ಲವೆಂದಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಕಲ್ಲುಹವಳಗಳು ಸೇರಿವೆ; ಪರವಾನಗಿಯಿಲ್ಲದೆ ಅವು ಗಡಿ ದಾಟುವಂತಿಲ್ಲ. ಸಮುದ್ರದಿಂದ ಕೀಳುವುದರ ಬದಲಿಗೆ, ಸಾಕಿದ ಹವಳದ ಕವಲೊಂದನ್ನು ಕತ್ತರಿಸಿ ಅಂಟಿಸಿ ಹೊಸ ಹವಳವನ್ನು ಬೆಳೆಸುವ ರೂಢಿಯೂ ಹವ್ಯಾಸಿಗಳಲ್ಲಿ ವ್ಯಾಪಕವಾಗಿದೆ. ಇದು ಶ್ಲಾಘ್ಯವೇ. ಆದರೂ ಮೊದಲ ಹವಳ ಯಾವುದೋ ಕಡಲಿನದೇ ಆಗಿರುತ್ತದೆ.

ಈ ಸಂದರ್ಭದಲ್ಲಿ ಶ್ರಾವಕಾಚಾರದ ಅಳತೆಗೋಲು ಉಪಯುಕ್ತವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಮೂರು ನೇರವಾಗಿ ತೊಟ್ಟಿಯನ್ನು ಮುಟ್ಟುತ್ತವೆ. ಹವಳಕ್ಕೆ ಬೆಳಕೇ ಮುಖ್ಯ ಅನ್ನ. ಒಡೆಯನ ಅಲಕ್ಷ್ಯದಿಂದ ದೀಪವೋ ಪಂಪೋ ನಿಂತರೆ ಅದು ಅನ್ನಪಾನನಿರೋಧ. ಕವಲನ್ನು ಕತ್ತರಿಸಿ ಬೆಳೆಸುವುದು ಕಡಲಿನ ಹವಳವನ್ನು ಉಳಿಸಬಹುದಾದರೂ, ಅದು ಛೇದವೇ. ಇನ್ನು ಬಂಧದ ವಿಚಾರ. ಬೆಳೆದ ಹವಳವು ಒಂದೆಡೆ ನೆಟ್ಟು ನಿಂತುದು. ಗಿಳಿಯಂತೆ ಹಾರಬಯಸುವ ಜೀವವಲ್ಲ. ಆದುದರಿಂದ ಬಂಧವಿಲ್ಲವೆಂದು ವಾದಿಸಬಹುದು. ಆದರೆ ಹವಳದ ಸಂಚಾರವಿರುವುದು ಅದರ ಸಂತಾನದಲ್ಲಿ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ, ವಸಂತದ ಕೊನೆಗೆ, ಹುಣ್ಣಿಮೆಯ ನಂತರದ ಕೆಲವು ರಾತ್ರಿಗಳಲ್ಲಿ ಅಸಂಖ್ಯ ಹವಳಗಳು ಒಟ್ಟಿಗೆ ಅಂಡಗಳನ್ನೂ ವೀರ್ಯವನ್ನೂ ನೀರಿಗೆ ಬಿಡುತ್ತವೆ. ಅವುಗಳ ಮರಿಗಳು ಪ್ರವಾಹದೊಡನೆ ತೇಲಿ ದೂರದಲ್ಲಿ ನೆಲೆಯೂರುತ್ತವೆ. ಗಾಜಿನ ಗೋಡೆ ತಡೆಯುವುದು ಈ ಪ್ರಯಾಣವನ್ನು.

ಹವಳದ ಜೀವತ್ವದ ಬಗೆಗೂ ಒಂದು ಮಾತು ಅವಶ್ಯ. ಜೈನಶಾಸ್ತ್ರಗಳು ಪ್ರವಾಳವನ್ನು ಪೃಥ್ವೀಕಾಯಿಕ ಜೀವಗಳ ಸಾಲಿನಲ್ಲಿ, ಎಂದರೆ ಏಕೇಂದ್ರಿಯಗಳಲ್ಲಿ ಎಣಿಸಿವೆ. ಯುರೋಪಿನಲ್ಲಿ ಹವಳವು ಸಸ್ಯವಲ್ಲ, ಪ್ರಾಣಿಯೆಂದು ಫ್ರಾನ್ಸಿನ ಪೆಸೊನೆಲ್ 18ನೆಯ ಶತಮಾನದ ಮೊದಲರ್ಧದಲ್ಲಿ ಹೇಳಿದಾಗ ಅಲ್ಲಿನ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಇಷ್ಟರಿಂದ ನಮ್ಮ ಪೂರ್ವಾಚಾರ್ಯರು ಪಾಲಿಪ್ಪನ್ನು ಬಲ್ಲವರಾಗಿದ್ದರೆಂದು ಹೆಮ್ಮೆಪಡುವುದು ಸಲ್ಲದು. ಅವರ ವರ್ಗೀಕರಣವೂ ಇಂದಿನ ಪ್ರಾಣಿಶಾಸ್ತ್ರವೂ ಒಂದೇ ಅಲ್ಲ. ಆದರೆ ಕಲ್ಲಿನಂತೆ ಕಾಣುವುದನ್ನೂ ನಿರ್ಜೀವವೆಂದು ತಳ್ಳಿಹಾಕದ ಎಚ್ಚರ ಆ ಎಣಿಕೆಯಲ್ಲಿತ್ತು. ಸೌಂದರ್ಯಕ್ಕಾಗಿ ಹವಳವನ್ನು ಕೊಳ್ಳುವವನಿಗೆ ಇಂದು ಬೇಕಾದುದು ಆ ಎಚ್ಚರವೇ.

ಇದಕ್ಕೆ ಪ್ರತಿಯಾಗಿ ಬಲವಾದ ವಾದವೊಂದಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. 2023ರಿಂದ ನಡೆದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯಲ್ಲಿ, 2025ರ ವಸಂತದ ಹೊತ್ತಿಗೆ ಪ್ರಪಂಚದ ಹವಳದಿಬ್ಬಗಳ ಶೇಕಡಾ 84ರಷ್ಟು ಪ್ರದೇಶ ಬಿಳಿಚುವ ಮಟ್ಟದ ಬಿಸಿಗೆ ಗುರಿಯಾಯಿತು. 2023ರ ಜುಲೈನಲ್ಲಿ ಫ್ಲಾರಿಡಾದ ತೀರದಲ್ಲಿ ನೀರು ಅಸಹನೀಯವಾಗಿ ಕಾದಾಗ, ಸಂರಕ್ಷಕರು ಕಡಲಿನ ಸಾವಿರಾರು ಹವಳಗಳನ್ನು ಕಿತ್ತು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು ಚಂದ್ರನ ಬೆಳಕನ್ನೂ ಋತುಗಳ ಉಷ್ಣತೆಯನ್ನೂ ತೊಟ್ಟಿಯಲ್ಲಿ ಅನುಕರಿಸಿ, ಹವಳಗಳು ಅಲ್ಲಿಯೇ ಸಂತಾನಕ್ಕೆ ತೊಡಗುವಂತೆ ಮಾಡಿದ್ದಾರೆ. ಅವರೊಡನೆ ಕೂಡಿ ಕೆಲಸಮಾಡಿದ ಫ್ಲಾರಿಡಾ ಅಕ್ವೇರಿಯಂ 2019ರಲ್ಲಿ ಅಳಿವಿನಂಚಿನ ಕಂಬಹವಳದಲ್ಲಿಯೂ ಅದನ್ನು ಸಾಧಿಸಿತು. ಹವ್ಯಾಸಿಗಳು ಮನೆಯಲ್ಲಿ ಕಲಿತ ವಿದ್ಯೆಯ ಋಣ ಇಂತಹ ಕಾರ್ಯಗಳ ಮೇಲೆ ಇಲ್ಲವೆನ್ನಲಾಗದು. ತೊಟ್ಟಿಯು ಪಂಜರವಾಗಬಲ್ಲಂತೆಯೇ ಚಿಕಿತ್ಸಾಲಯವೂ ಆಗಬಲ್ಲುದು.

ಆದರೆ ಚಿಕಿತ್ಸಾಲಯವನ್ನು ಪಂಜರದಿಂದ ಬೇರ್ಪಡಿಸುವುದು ಉದ್ದೇಶ. ರೋಗಿಯನ್ನು ಮನೆಗೆ ಕಳುಹಿಸಬೇಕೆಂಬುದೇ ಚಿಕಿತ್ಸಾಲಯದ ಗುರಿ; ಫ್ಲಾರಿಡಾದ ಹವಳಗಳನ್ನು ತೊಟ್ಟಿಗೆ ತಂದವರ ಗುರಿಯೂ ಅವನ್ನು ಕಡಲಿಗೆ ಮರಳಿಸುವುದೇ ಆಗಿತ್ತು. ಮನೆಯ ತೊಟ್ಟಿಯಿಂದ ಹವಳವು ಕಡಲಿಗೆ ಹಿಂದಿರುಗುವುದಿಲ್ಲ. ಬೇರೆ ಸಮುದ್ರಗಳ ರೋಗಗಳೂ ಜೀವಿಗಳೂ ಹರಡುವ ಭಯದಿಂದ ಹಿಂದಿರುಗಿಸಲೂ ಬಾರದು. ಆದುದರಿಂದ ಕಡಲು ಸಾಯುತ್ತಿದೆಯೆಂಬ ಮಾತನ್ನು ಮನೆಯ ಅಲಂಕಾರಕ್ಕೆ ಸಮರ್ಥನೆಯಾಗಿ ಬಳಸುವುದು ಆತ್ಮವಂಚನೆ. ಚಿತ್ರವು ರೇಗೋನ ತೊಟ್ಟಿಯನ್ನೂ ಲಿಝರ್ಡ್ ದ್ವೀಪದ ಕಡಲನ್ನೂ ಅಕ್ಕಪಕ್ಕದಲ್ಲಿಟ್ಟು ಈ ಭೇದವನ್ನು ವಿವೇಚಿಸಬಹುದಾಗಿತ್ತು. ಅಂತಹ ವಿವೇಚನೆ ಅದರಲ್ಲಿಲ್ಲ.

ನಮ್ಮ ನಾಡಿನ ವಾಚಕರಿಗೆ ಈ ವಿಚಾರ ದೂರದ್ದೆನಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಗಳಂತೆಯೇ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಮನೆಯ ಪಡಸಾಲೆಗಾಗಲಿ, ಸಂಸ್ಥೆಗಳ ಸಭಾಂಗಣಕ್ಕಾಗಲಿ ಶೋಭೆಗೆಂದು ತೊಟ್ಟಿಯನ್ನಿರಿಸುವ ಆಲೋಚನೆ ಬಂದಾಗ, ಮಾರುವವನ ಬಾಯಿಮಾತನ್ನು ನಂಬುವ ಮೊದಲು ಕಾಯಿದೆಯನ್ನೂ, ಅದಕ್ಕೂ ಮೊದಲು ತಮ್ಮ ವ್ರತವನ್ನೂ ನೆನೆಯುವುದು ಒಳ್ಳೆಯದು. ಈಗಾಗಲೇ ಕೈಗೆ ಬಂದ ಜೀವವಿದ್ದರೆ, ಅದರ ಪೋಷಣೆಯಲ್ಲಿ ಒಂದು ದಿನವೂ ಅಲಕ್ಷ್ಯವಿಲ್ಲದಂತೆ ನಡೆದುಕೊಂಡು, ಹೊಸದನ್ನು ಕೊಳ್ಳದಿರುವುದೇ ಪರಿಗ್ರಹಕ್ಕೆ ಹಾಕಬಹುದಾದ ಮಿತಿ.

ಒಟ್ಟಿನಲ್ಲಿ ‘ಚೇಸಿಂಗ್ ಕೋರಲ್’ ಮನೆಮಂದಿಯೆಲ್ಲ ಕುಳಿತು ನೋಡಬೇಕಾದ ಚಿತ್ರ. ವಿಶೇಷತಃ ತರುಣರಿಗೆ ಅದನ್ನು ತೋರಿಸಬೇಕು. ಅದರ ದೋಷ ಸುಳ್ಳು ಹೇಳಿದ ದೋಷವಲ್ಲ, ಅರ್ಧದಲ್ಲಿ ನಿಲ್ಲಿಸಿದ ದೋಷ. ಕಡಲಿನ ಹವಳಕ್ಕಾಗಿ ನಮ್ಮಲ್ಲಿ ಕರುಣೆಯನ್ನು ಎಬ್ಬಿಸಿದ ಚಿತ್ರವು, ಆ ಕರುಣೆ ನಮ್ಮ ಮನೆಯೊಳಗೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಹೇಳಲಿಲ್ಲ. ನೋಡಿ ಮುಗಿಸಿದ ಮೇಲೆ ಮಕ್ಕಳು ‘ನಮಗೂ ಒಂದು ಹವಳದ ತೊಟ್ಟಿ ಬೇಕು’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆಗ ಹಿರಿಯರು ಕೊಡುವ ಉತ್ತರವೇ ಆ ಚಿತ್ರದ ಉಳಿದ ಭಾಗ.